ಅಜ್ಜಿಯ ಕೇಕೂ ಮೊಮ್ಮಗಳ ಕೇಕೂ ಒಂದೇ

ಓದುಗರ ಪತ್ರ: ಮೇ ಎರಡನೇ ವಾರ ಮಂಗಳೂರಿನಲ್ಲಿ ನಮ್ಮ ಮಗಳ ಮದುವೆ. ಇಗರ್ಜಿಯ ವಿಧಿಗಳು ಮುಗಿದ ಮೇಲೆ ಸಂಜೆ ಸಭಾಂಗಣದಲ್ಲಿ ಸುಮಾರು 600 ಜನರಿಗೆ ಸತ್ಕಾರ. ಮಗಳಿಗೆ ಐದು ಅಂತಸ್ತಿನ ಅಚ್ಚ ಬಿಳಿ ಕೇಕ್ ಬೇಕಂತೆ. ಹಣ್ಣು ಹಾಕಿದ ಕಪ್ಪು ಕೇಕ್ ಅಲ್ಲದಿದ್ದರೆ ಅದು ಮದುವೆಯ ಕೇಕೇ ಅಲ್ಲ ಎಂದು ನನ್ನ ಅತ್ತೆ ಹಟ ಹಿಡಿದಿದ್ದಾರೆ. ಅತಿಥಿಗಳಲ್ಲಿ ಮೊಟ್ಟೆ ತಿನ್ನದವರೂ ಇದ್ದಾರೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಮಂಗಳೂರು

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ಇಬ್ಬರ ಮಾತನ್ನೂ ಕೇಳಿ. ನಿಮ್ಮ ಮಗಳು ಕೇಳುತ್ತಿರುವುದು ಹೊರಗಿನ ಬಿಳುಪನ್ನು, ಅತ್ತೆಯವರು ಕೇಳುತ್ತಿರುವುದು ಒಳಗಿನ ಕಪ್ಪನ್ನು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಗೆ ತಯಾರಾದ ಸುಮಾರು 300 ಪೌಂಡ್ ತೂಕದ ಕೇಕ್ ಹೊರಗೆ ಹಿಮದಂತೆ ಬೆಳ್ಳಗಿತ್ತು, ಒಳಗೆ ಒಣಹಣ್ಣು ತುಂಬಿದ ಕೇಕ್ ಇತ್ತು. ಆ ಕಾಲದಲ್ಲಿ ಅಚ್ಚ ಬಿಳಿ ಸಕ್ಕರೆ ಬಹಳ ದುಬಾರಿ, ಆದ್ದರಿಂದ ಬಿಳುಪೇ ಸಿರಿವಂತಿಕೆಯ ಗುರುತಾಗಿತ್ತು. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯಾದಾಗ ಬ್ರಿಟನ್ನಿನಲ್ಲಿ ಸಕ್ಕರೆಗೂ ಪಡಿತರವಿತ್ತು. ಆಸ್ಟ್ರೇಲಿಯಾದ ಗರ್ಲ್ ಗೈಡ್ಸ್ ಬಾಲಕಿಯರು ಕಳುಹಿಸಿದ ಸಾಮಗ್ರಿಯಿಂದ ಒಂಬತ್ತು ಅಡಿ ಎತ್ತರದ, ನಾಲ್ಕು ಅಂತಸ್ತಿನ ಕೇಕ್ ಸಿದ್ಧವಾಯಿತು. ಅದೂ ಹೀಗೆಯೇ, ಮೇಲೆ ಬಿಳಿ, ಒಳಗೆ ಹಣ್ಣು. ನಿಮ್ಮ ಮನೆಯ ಜಗಳಕ್ಕೆ ಕಾರಣವೇ ಇಲ್ಲ.

ಈ ಜೋಡಿಗೆ ನಮ್ಮ ಹವೆಯೂ ಒಪ್ಪುತ್ತದೆ. ಮೇ ತಿಂಗಳಲ್ಲಿ ಮಂಗಳೂರಿನ ಸೆಖೆ ನಿಮಗೆ ಹೇಳಬೇಕಾಗಿಲ್ಲ. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗಿ ಜಾರತೊಡಗುತ್ತದೆ. ಕೆನೆಯ ಅಲಂಕಾರವಂತೂ ವೇದಿಕೆಯ ದೀಪಗಳ ಕೆಳಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಫಾಂಡೆಂಟ್, ಅಂದರೆ ಲಟ್ಟಿಸಿದ ಸಕ್ಕರೆ ಕಣಕ, ಹೊದಿಸಿದ ಕೇಕನ್ನು ಫ್ರಿಜ್‌ನಿಂದ ಹೊರಗೆ ತಂದರೆ ಕರಾವಳಿಯ ತೇವಕ್ಕೆ ಅದರ ಮೈ ಬೆವರುತ್ತದೆ, ಬಣ್ಣ ಹರಡುತ್ತದೆ. ರಮ್ಮಿನಲ್ಲಿ ನೆನೆದ ಹಣ್ಣಿನ ಕೇಕ್‌ಗೆ ಫ್ರಿಜ್ಜೇ ಬೇಡ, ಇಟ್ಟಷ್ಟೂ ರುಚಿ ಕೂಡುತ್ತದೆ.

ಅದನ್ನು ಬಿಳಿಯಾಗಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಡವಟ್ಟಾಗುವುದು ಇಲ್ಲೇ. ಮೊದಲ ಹೊದಿಕೆ ಮಾರ್ಜಿಪಾನ್, ಅಂದರೆ ಬೀಜದ ಪುಡಿ ಮತ್ತು ಸಕ್ಕರೆ ಕಲಸಿದ ಕಣಕ. ವಿಲಾಯತಿಯಲ್ಲಿ ಅದಕ್ಕೆ ಬಾದಾಮಿ, ನಮ್ಮಲ್ಲಿ ಗೇರುಬೀಜ. ಕ್ರಿಸ್‌ಮಸ್ ಕುಸ್ವಾರಿಗೆ, ಅಂದರೆ ಹಬ್ಬದ ತಿಂಡಿಗಳ ಜೊತೆಗೆ, ಮಾಡುವ ಅದೇ ಮಾರ್ಜಿಪಾನ್. ಲಟ್ಟಿಸಿ ಹೊದಿಸಿದ ಮೇಲೆ ಅದು ಒಂದೆರಡು ದಿನ ಗಾಳಿಗೆ ಆರಬೇಕು. ಆರುವ ಮೊದಲೇ ಅವಸರಪಟ್ಟು ಬಿಳಿ ಐಸಿಂಗ್ ಬಳಿದರೆ ಬೀಜದ ಎಣ್ಣೆ ಮೇಲೆದ್ದು ಹಳದಿ ಕಲೆ ಕಟ್ಟುತ್ತದೆ. ಮೇಲಿನ ರಾಯಲ್ ಐಸಿಂಗ್ ಎಂದರೆ ಮೊಟ್ಟೆಯ ಬಿಳಿ ಮತ್ತು ಪುಡಿ ಸಕ್ಕರೆ. ಒಣಗಿದಾಗ ಅದು ಗಟ್ಟಿಯಾಗುತ್ತದೆ. ಕಲಸುವಾಗ ತುಸು ಗ್ಲಿಸರಿನ್ ಹಾಕದಿದ್ದರೆ ಮದುಮಕ್ಕಳು ಚಾಕು ಒತ್ತಿದಾಗ ಚಕ್ಕೆಗಳು ಸಿಡಿದು ಸೀರೆಯ ಮೇಲೆ, ಕೋಟಿನ ಮೇಲೆ ಬೀಳುತ್ತವೆ. ಹಸಿ ಮೊಟ್ಟೆಯ ಬದಲು ಮೆರಿಂಗ್ ಪುಡಿ (ಒಣಗಿಸಿದ ಮೊಟ್ಟೆಯ ಬಿಳಿಯ ಪುಡಿ) ಬಳಸಲು ಹೇಳಿ, ಬೇಸಿಗೆಯಲ್ಲಿ ಅದೇ ಕ್ಷೇಮ.

ಐದು ಅಂತಸ್ತಿನ ವಿಷಯದಲ್ಲಿ ಮಾತ್ರ ನಾನು ನಿಮ್ಮ ಮಗಳ ಪರವಾಗಿಲ್ಲ. ಅಂಥ ಕೇಕ್‌ಗಳಲ್ಲಿ ಎಷ್ಟೋ ಸಲ ಮೂರು ಅಂತಸ್ತು ಥರ್ಮೊಕೋಲ್ ಆಗಿರುತ್ತದೆ. ಅತಿಥಿಗಳಿಗೆ ತಿನ್ನಲಾಗದ ವಸ್ತುವಿಗೆ ಹಣ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಲೆಕ್ಕ ಹಾಕಿ ನೋಡಿ: ತಲೆಗೆ 30 ಗ್ರಾಂ ತುಂಡು ಎಂದರೆ 600 ಜನರಿಗೆ 18 ಕಿಲೋ ಸಾಕು. ಹಣ್ಣಿನ ಕೇಕ್ ಭಾರವಾದದ್ದು, ಅದಕ್ಕಿಂತ ದೊಡ್ಡ ತುಂಡನ್ನು ಊಟದ ಮೇಲೆ ಯಾರೂ ತಿನ್ನುವುದಿಲ್ಲ. ವೇದಿಕೆಗೆ ಕೆಳಗೆ 10 ಇಂಚು, ಮೇಲೆ 6 ಇಂಚಿನ ಎರಡು ಅಂತಸ್ತು ಇಡಿ. ಅದೇ ಸುಮಾರು ಐದೂವರೆ ಕಿಲೋ ತೂಗುತ್ತದೆ. ಉಳಿದದ್ದನ್ನು ಚೌಕ ತಟ್ಟೆಗಳಲ್ಲಿ ಬೇಯಿಸಿ, ಹಿಂದಿನ ದಿನವೇ ಕತ್ತರಿಸಿ, ಬೆಣ್ಣೆ ಕಾಗದದಲ್ಲಿ ಸುತ್ತಿಡಬಹುದು. ಹುಡುಗಿಯರು ಟ್ರೇ ಹಿಡಿದು ಮೇಜಿನಿಂದ ಮೇಜಿಗೆ ಹೋಗಿ ಹಂಚುವ ಆ ಪುಟ್ಟ ಪೊಟ್ಟಣವೇ ನಮ್ಮ ಮದುವೆಗಳ ನಿಜವಾದ ಕೇಕ್. ಬರಲಾಗದ ಹಿರಿಯರ ಮನೆಗೂ ಅದು ತಲುಪುತ್ತದೆ. ಚಿತ್ರದಲ್ಲಿ ಎತ್ತರ ಕಾಣಬೇಕೆಂದು ಮಗಳು ಬಯಸಿದರೆ ಕೇಕನ್ನು ಎತ್ತರದ ಪೀಠದ ಮೇಲಿಡಿ.

ಮೊಟ್ಟೆ ತಿನ್ನದವರಿಗೆ ಐಸಿಂಗ್ ಇಲ್ಲದ ಮೊಟ್ಟೆರಹಿತ ಕೇಕ್ ಪ್ರತ್ಯೇಕವಾಗಿ ಮಾಡಿಸಿ, ಬೇರೆ ಬಣ್ಣದ ಕಾಗದದಲ್ಲಿ ಸುತ್ತಿಸಿ. ಮದ್ಯ ಮುಟ್ಟದವರೂ ಇದ್ದರೆ ಅದರ ಹಣ್ಣನ್ನು ಕಿತ್ತಳೆ ರಸದಲ್ಲಿ ನೆನೆಸಬಹುದು. ಆದರೆ ಅದು ರಮ್ಮಿನ ಕೇಕ್‌ನಂತೆ ವಾರಗಟ್ಟಲೆ ಬಾಳುವುದಿಲ್ಲ, ಮದುವೆಯ ಹಿಂದಿನ ದಿನ ಬೇಯಿಸಿದರೆ ಒಳ್ಳೆಯದು.

ಹೂವಿನ ಬಗ್ಗೆ ಒಂದು ಎಚ್ಚರಿಕೆ. ಬಿಳಿ ಕೇಕ್‌ಗೆ ಬಿಳಿ ಹೂ ಚೆನ್ನ ಎಂದು ಅಂಗಳದ ಕಣಗಿಲೆಯನ್ನೋ ನಿತ್ಯಪುಷ್ಪವನ್ನೋ ಸಿಕ್ಕಿಸುವವರಿದ್ದಾರೆ. ಎರಡೂ ವಿಷದ ಗಿಡಗಳು, ಕಣಗಿಲೆಯಂತೂ ಪ್ರಾಣಕ್ಕೇ ಅಪಾಯ. ಮಾರುಕಟ್ಟೆಯ ಗುಲಾಬಿ, ಮಲ್ಲಿಗೆಗೂ ಕೀಟನಾಶಕ ಹೊಡೆದಿರಬಹುದು. ಕೇಕ್‌ನ ಮೇಲೆ ಸಕ್ಕರೆಯ ಹೂವಿರಲಿ. ಶಂಕರಪುರದ ಮಲ್ಲಿಗೆ ಮೇಜಿನ ಸುತ್ತ ಇರಲಿ. ಮಿನುಗುವ ಪುಡಿ ಹಾಕುವುದಾದರೆ ಅದು ತಿನ್ನಲು ಯೋಗ್ಯವೆಂದು ಡಬ್ಬಿಯ ಮೇಲೆ ಬರೆದಿದೆಯೇ ಎಂದು ಕಣ್ಣಾರೆ ನೋಡಿ.

ಬೇಕರಿಯವರನ್ನು ಆರಿಸುವಾಗ ಚಿತ್ರದ ಪುಸ್ತಕ ನೋಡುವ ಮೊದಲು ಒಂದು ತುಂಡು ತಿಂದು ನೋಡಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಹಣ್ಣು ಎಷ್ಟು ದಿನ ನೆನೆದಿದೆ, ಬೆಣ್ಣೆ ಹಾಕುತ್ತೀರೋ ಮಾರ್ಗರಿನ್ನೋ ಎಂದು ಸಂಕೋಚವಿಲ್ಲದೆ ಕೇಳಿ. ಅಂತಸ್ತುಗಳನ್ನು ಬಿಡಿಬಿಡಿಯಾಗಿ ತಂದು ಸಭಾಂಗಣದಲ್ಲೇ ಜೋಡಿಸಲಿ, ಕೆಳಗಿನದರೊಳಗೆ ಆಸರೆಯ ಕಡ್ಡಿಗಳಿರಲಿ. ಹಣ್ಣು ಮಾರ್ಚ್ ಕೊನೆಯೊಳಗೆ ರಮ್ಮಿಗೆ ಬೀಳಬೇಕು, ಏಪ್ರಿಲ್ ನಡುವೆ ಕೇಕ್ ಬೇಯಬೇಕು, ಮದುವೆಗೆ ಒಂದು ವಾರವಿರುವಾಗ ಮಾರ್ಜಿಪಾನ್ ಹೊದಿಸಬೇಕು. ಮದುವೆಗೆ ಮುನ್ನ ತೆಂಗಿನ ಹಾಲು ಹಚ್ಚುವ ರೋಸಿನ ದಿನ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ಐಸಿಂಗ್ ಅದಕ್ಕೂ ಎರಡು ದಿನ ಮೊದಲೇ ಮುಗಿದಿರಲಿ.

ಮದುಮಗಳಿಗೆ ನಮ್ಮ ಬಳಗದ ಶುಭಾಶಯಗಳನ್ನು ತಿಳಿಸಿ.

— ಸಂಪಾದಕ