ಮೇ ತಿಂಗಳಲ್ಲಿ ಹಿಡಕಲ್ ಹಿನ್ನೀರಿನ ದಂಡೆಗೆ ಎಷ್ಟು ಹೊತ್ತಿಗೆ ಹೋಗಬೇಕು?

ನಿಮ್ಮ ಪ್ರಶ್ನೆ: ಮೇ ಮೊದಲ ವಾರ ಬೆಳಗಾವಿಯಿಂದ ಮಕ್ಕಳ ಜೊತೆ ಹಿಡಕಲ್ ಹಿನ್ನೀರಿಗೆ ಹೋಗಬೇಕು, ಆ್ಯಪಿನಲ್ಲಿ ಗಾಳಿ 14, ಮಳೆ 20% ಅಂತಿದೆ, ಬುತ್ತಿ ಕಟ್ಟಿಕೊಂಡು ಮಧ್ಯಾಹ್ನ ಅಲ್ಲೇ ಉಣ್ಣಬಹುದಾ?

ಹೋಗಿ, ಆದರೆ ಮಧ್ಯಾಹ್ನದ ಊಟಕ್ಕಲ್ಲ, ನಾಷ್ಟಾಕ್ಕೆ. ಸೂರ್ಯ ಹುಟ್ಟುವುದು ಆರರ ಆಸುಪಾಸು. ಏಳಕ್ಕೆ ದಂಡೆಯಲ್ಲಿದ್ದು ಹನ್ನೊಂದಕ್ಕೆ ಗಂಟು ಕಟ್ಟಿದರೆ ಆ ದಿನದ ಒಳ್ಳೇ ಹೊತ್ತೆಲ್ಲ ನಿಮ್ಮದೇ. ಬೇಸಿಗೆಯಲ್ಲಿ ಬೆಳಿಗ್ಗೆ ನೀರು ಕನ್ನಡಿಯ ಹಾಗಿರುತ್ತದೆ. ನೆಲ ಕಾದಂತೆ ಗಾಳಿ ಏಳುತ್ತದೆ, ಮೂರರ ಮೇಲೆ ಪಡುವಣದಿಂದ ಸಮುದ್ರದ ಗಾಳಿಯೂ ಬಂದು ಕೂಡಿಕೊಳ್ಳುತ್ತದೆ. ಒಂದೇ ದಿನದ ಬೆಳಿಗ್ಗೆಗೂ ಸಂಜೆಗೂ ಇಷ್ಟು ವ್ಯತ್ಯಾಸ ಇರುವಾಗ "ಇವತ್ತಿನ ಗಾಳಿ 14" ಅನ್ನುವ ಒಂದೇ ಅಂಕಿ ನಂಬಿ ಹೊರಡಬಾರದು. ತಾಸು ತಾಸಿನ ಪಟ್ಟಿ ತೆಗೆದು ನೋಡಿ.

ಆ 14 ಯಾವ ಅಳತೆಯಲ್ಲಿದೆ ಅನ್ನುವುದನ್ನೂ ನೋಡಿ. ಕಿಲೋಮೀಟರ್ ಆಗಿದ್ದರೆ ಹೆದರುವಂಥದ್ದಿಲ್ಲ. ನಾಟ್ ಆಗಿದ್ದರೆ ತಾಸಿಗೆ 26 ಕಿ.ಮೀ., ಸೆಕೆಂಡಿಗೆ ಮೀಟರ್ ಆಗಿದ್ದರೆ 50 ಕಿ.ಮೀ. ಗಾಳಿಯ ಕೆಲವು ಆ್ಯಪ್‌ಗಳು ನಾಟ್‌ನಲ್ಲೇ ತೋರಿಸುತ್ತವೆ, ಸೆಟ್ಟಿಂಗ್‌ನಲ್ಲಿ ಬದಲಿಸಿಕೊಳ್ಳಿ. ಬೀಸುಗಾಳಿಯ ವೇಗ, ಅಂದರೆ 'ಗಸ್ಟ್', ಬೇರೆ ಸಾಲಿನಲ್ಲಿರುತ್ತದೆ. ಕೊಡೆ ಹಾರಿಸುವುದು ಸರಾಸರಿ ಗಾಳಿಯಲ್ಲ, ಅದು. ಸರಾಸರಿ ಗಾಳಿ ತಾಸಿಗೆ ಹತ್ತು ಕಿ.ಮೀ. ಒಳಗಿದ್ದರೆ ನೀರಿನ ಮೇಲೆ ಬರೀ ಸುಕ್ಕು. 12ರಿಂದ 19ಕ್ಕೆ ಸಣ್ಣ ಅಲೆ, ಅಲ್ಲೊಂದು ಇಲ್ಲೊಂದು ಬಿಳಿ ನೊರೆ. 20 ದಾಟಿತೆಂದರೆ ಎಲ್ಲೆಲ್ಲೂ ನೊರೆ ಕಾಣುತ್ತದೆ, ಧೂಳು ಏಳುತ್ತದೆ, ಚಾದರ ನಿಲ್ಲುವುದಿಲ್ಲ, ರೊಟ್ಟಿಯ ಜೊತೆ ಮಣ್ಣನ್ನೂ ಅಗಿಯಬೇಕು. ಗಸ್ಟ್ 30 ದಾಟುವ ದಿನ ಮಕ್ಕಳನ್ನು ಕರೆದೊಯ್ಯಬೇಡಿ.

ಬೆಳಗಾವಿ ಊರಿನ ಮುನ್ಸೂಚನೆಯೂ ಇಲ್ಲಿಗೆ ಸಾಲದು. ಊರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಜಲಾಶಯ ತುಂಬಿದಾಗಲೂ ನೀರಿನ ಮಟ್ಟ ಸುಮಾರು 663 ಮೀಟರ್ (2175 ಅಡಿ). ನಡುವೆ ವಂಟಮುರಿ ಘಾಟಿನ ಗುಡ್ಡಗಳು. ನಕ್ಷೆಯಲ್ಲಿ ನೇರ ನೀರಿನ ಮೇಲೆಯೇ ಪಿನ್ ಇಟ್ಟು ನೋಡಿ.

ಯಾವ ದಂಡೆ? ಹಿಡಕಲ್ ಅಣೆಕಟ್ಟು ಕಟ್ಟಿರುವ ಘಟಪ್ರಭಾ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಹೊಳೆ, ಅಣೆಕಟ್ಟು ಹಿನ್ನೀರಿನ ಪೂರ್ವದ ತುದಿಯಲ್ಲಿದೆ. ಪಡುವಣ ಗಾಳಿ ನೀರಿನುದ್ದಕ್ಕೂ ಓಡಿ ಬಂದು ಪೂರ್ವದ ಕಡೆ ಅಲೆ ಬಡಿಯುತ್ತದೆ, ದಂಡೆಯ ನೀರು ರಾಡಿಯಾಗುತ್ತದೆ. ಪಶ್ಚಿಮದಲ್ಲಿ ಗುಡ್ಡದ ಮರೆಯ ಮಗ್ಗಲು ಕೂರಲು ಹಿತ, ಆದರೆ ಅಲ್ಲೊಂದು ಮೋಸವಿದೆ: ಗಾಳಿ ದಂಡೆಯಿಂದ ನೀರಿನ ಕಡೆಗೆ ಬೀಸುವುದರಿಂದ ಟ್ಯೂಬು, ಚೆಂಡು ಸದ್ದಿಲ್ಲದೆ ಒಳಗೆ ಹೋಗುತ್ತವೆ. ಅದನ್ನು ಹಿಡಿಯಲು ಹೋದವರೇ ಮುಳುಗುವುದು. ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೋಗಿ. ನೀರಿಗಿಳಿಯುವುದೂ ಬೇಡ. ಕಾಯುವವರಿಲ್ಲ, ಕೆಳಗೆ ಹಳೇ ಬಾವಿ, ಗೋಡೆ, ಹೊಳೆಯ ಪಾತ್ರ ಎಲ್ಲಿವೆ ಅಂತ ಮೇಲಿನಿಂದ ತಿಳಿಯುವುದಿಲ್ಲ.

ಮೇನಲ್ಲಿ ನೀರು ಇಳಿದು ದಂಡೆ ಅಗಲವಾಗಿರುತ್ತದೆ. ಬಹಳ ಇಳಿದ ವರ್ಷ ಹುನ್ನೂರಿನ ಮುಳುಗಿದ ವಿಠ್ಠಲ ಗುಡಿಯೂ ಕಾಣುತ್ತದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ದಿನದ ಜಲಾಶಯ ಪಟ್ಟಿಯಲ್ಲಿ ಮಟ್ಟ ಸಿಗುತ್ತದೆ, ಅಲ್ಲಿ ಹಿಡಕಲ್ ಬದಲು 'ಘಟಪ್ರಭಾ' ಅಂತ ಹುಡುಕಿ. ನೀರು ಇಳಿದು ಹೊಸದಾಗಿ ಹೊರಬಿದ್ದ ನೆಲದ ಮೇಲೆ ಜಾಗ್ರತೆ. ಬಿರುಕು ಬಿಟ್ಟ ಒಣ ಹೆಂಟೆಯ ಕೆಳಗೆ ಹೂಳು ಹಸಿಯಾಗಿಯೇ ಇರುತ್ತದೆ. ಕೋಲು ಊರಿ ನೋಡಿ, ಒಂದು ಗೇಣಿಗಿಂತ ಹೆಚ್ಚು ಇಳಿದರೆ ಅಲ್ಲಿಂದಲೇ ಹಿಂದಿರುಗಿ. ಕಾಲು ಹೂತರೆ ಒಂದೇ ಸಲ ಕಿತ್ತುಕೊಳ್ಳಲು ಹೋಗಬೇಡಿ, ಹಿಂದಕ್ಕೆ ಒರಗಿ ಭಾರ ಹಂಚಿ, ನಿಧಾನ ಅಲುಗಾಡಿಸಿ ತೆಗೆಯಿರಿ. ಕಾರು ಗರಸಿನ ಮೇಲೆಯೇ ನಿಲ್ಲಲಿ. ಹತ್ತು ನಿಮಿಷ ಮಳೆ ಬಿದ್ದರೆ ಎರಿಮಣ್ಣಿನ ದಾರಿಯಲ್ಲಿ ಗಾಲಿ ಬರೀ ತಿರುಗುತ್ತದೆ, ಆಮೇಲೆ ಟ್ರ್ಯಾಕ್ಟರೇ ಗತಿ.

ಇನ್ನು 20% ಮಳೆ. 20% ಅಂದರೆ ಸಣ್ಣ ಮಳೆ ಅಂತಲ್ಲ. ಅಂಥ ಹತ್ತು ದಿನಗಳಲ್ಲಿ ಎರಡು ದಿನ ಬರುತ್ತದೆ ಅಂತ, ಮತ್ತು ಮೇನಲ್ಲಿ ಬಂದರೆ ಗುಡುಗು ಸಿಡಿಲಿನ ಅಡ್ಡಮಳೆಯೇ, ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೀಸುತ್ತಿದ್ದ ಗಾಳಿ ಗಪ್ ಅಂತ ನಿಂತು, ಧಗೆ ಹೆಚ್ಚಾಗಿ, ಆಮೇಲೆ ಒಮ್ಮೆಲೇ ತಣ್ಣನೆ ಗಾಳಿ ಮೈಗೆ ಬಡಿದರೆ ಮೋಡ ಹತ್ತಿರವೇ ಇದೆ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು 10 ಕಿ.ಮೀ. ಒಳಗಿದೆ. ಬಟಾ ಬಯಲಾದ ದಂಡೆಯಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಒಂಟಿ ಮರದ ಕೆಳಗೆ ಹೋಗದೆ ಕಾರಿನಲ್ಲಿ ಗಾಜು ಏರಿಸಿ ಕೂರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಫೋನಿನಲ್ಲಿ ಸಿಡಿಲಿನ ಎಚ್ಚರಿಕೆ ಕೊಡುವ 'ದಾಮಿನಿ' ಆ್ಯಪ್ ಇರಲಿ.

ಹಿಂದಿನ ರಾತ್ರಿ ತಾಸಿನ ಪಟ್ಟಿ ನೋಡಿ, ನಸುಕಿನಲ್ಲಿ ಹೊರಡುವ ಮುಂಚೆ ಹವಾಮಾನ ಇಲಾಖೆಯ ಗೋವಾ ರಾಡಾರ್ ಚಿತ್ರ ಒಮ್ಮೆ ನೋಡಿ. ಹನ್ನೊಂದರ ಒಳಗೇ ಗಸ್ಟ್ 25 ದಾಟುವಂತಿದ್ದರೆ ಆ ಭಾನುವಾರ ಬಿಡಿ. ಬುತ್ತಿಯನ್ನು ದಂಡೆಯಲ್ಲೇ ಉಣ್ಣಬೇಕು ಅಂತಿದ್ದರೆ ಡಿಸೆಂಬರ್-ಜನವರಿಗೆ ಮುಂದೂಡಿ. ಆಗ ದಂಡೆ ಕಿರಿದು, ಆದರೆ ಮಧ್ಯಾಹ್ನವೂ ಕೂರಬಹುದು.