ಚಂದ್ರಕಾಳಿ ಸೀರೆಗೆ ಕುಪ್ಪಸದ ಕಟಿಂಗ್

ಧಾರವಾಡದಿಂದ ಬರೆದಿರುವ ಸಹೋದರಿಗೆ,

ಅಜ್ಜಿಯ ಟ್ರಂಕಿನಲ್ಲಿ ಎಂಟು ಗಜದ ಇಳಕಲ್ ಚಂದ್ರಕಾಳಿ (ಕಪ್ಪು ಒಡಲು, ಕೆಂಪು ದಡಿಯ) ಸೀರೆ, ಜೊತೆಗೆ ಹೊಲಿಸದೇ ಉಳಿದ ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಸಿಕ್ಕಿದೆ. ಮೈಗೆ ಬಿಗಿಯಾಗಿ ಕೂರುವ ಕುರ್ತಾ ಹೊಲಿಸುವ ಆಸೆ ನಿಮ್ಮದು, ಎದೆಯಳತೆ 36 ಇಂಚು. ಹಳೇ ಬಟ್ಟೆ ತಡೆಯೋದಿಲ್ಲ ಅಂತ ದರ್ಜಿ, ಕತ್ತರಿ ಹಾಕಲೇಬೇಡ ಅಂತ ನಿಮ್ಮಮ್ಮ.

ಬಿಗಿಯಾದ ಕುರ್ತಾ ತಡೆಯುವುದಿಲ್ಲ, ಅಷ್ಟು ನಿಜ. ಕೈ ಎತ್ತಿದಾಗ ಎಳೆತವೆಲ್ಲ ಕಂಕುಳಿಗೆ ಬೀಳುತ್ತದೆ. ಅಲ್ಲಿ ದುಂಡಗೆ ಕತ್ತರಿಸಿ ಬಿಗಿ ಹೊಲಿದರೆ ಹಳೆಯ ನೂಲು ನಾಲ್ಕು ಸಲ ತೊಟ್ಟರೆ ಪಿಸಿಯುತ್ತದೆ. ಹಳೆಯ ಕುಪ್ಪಸ ಹೊಲಿಯುವವರು ಇದಕ್ಕೆ ದಾರಿ ಕಂಡುಕೊಂಡಿದ್ದರು: ನೇರ ತುಂಡುಗಳನ್ನು ಕೂಡಿಸಿ, ಕಂಕುಳಲ್ಲಿ ಬೇರೊಂದು ಸಣ್ಣ ತುಂಡು ಕೂರಿಸುತ್ತಿದ್ದರು. ಬಟ್ಟೆಯೂ ವ್ಯರ್ಥವಾಗುತ್ತಿರಲಿಲ್ಲ, ತೋಳೂ ಸಲೀಸಾಗಿ ಏಳುತ್ತಿತ್ತು. ಅಜ್ಜಿಯ ಸೀರೆಯ ಜೊತೆ ಅಜ್ಜಿಯ ಕಾಲದ ಕಟಿಂಗನ್ನೂ ತೆಗೆದುಕೊಳ್ಳಿ ಎಂಬುದೇ ನಮ್ಮ ಸಲಹೆ.

ಮೊದಲು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಕುಳಿತು ಕುಳಿತು ಸವೆದ ಭಾಗ ಜಾಳಾಗಿ ಕಾಣುತ್ತದೆ. ಅದರ ಸುತ್ತ ಬಿಳಿ ದಾರದಿಂದ ಕಚ್ಚಾ ಹೊಲಿಗೆ ಹಾಕಿ. ಮಡಿಕೆಯ ಗೆರೆಗಳಲ್ಲಿ ಎರಡೂ ಹೆಬ್ಬೆರಳಿಟ್ಟು ಮೆಲ್ಲಗೆ ಅತ್ತಿತ್ತ ಎಳೆಯಿರಿ. ಚಿರ್ ಎಂದರೆ ಆ ಭಾಗ ಬಿಟ್ಟುಬಿಡಿ. ಬಳಿಕ ಬಿಳಿ ಅರಿವೆ ಒದ್ದೆ ಮಾಡಿ ಕಪ್ಪು ಒಡಲಿನ ಮೇಲೊಮ್ಮೆ, ಕೆಂಪು ದಡಿಯ ಮೇಲೊಮ್ಮೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಬಿಟ್ಟರೆ ನೀರಿಗೆ ಹಾಕಬೇಡಿ, ಡ್ರೈಕ್ಲೀನ್ ಮಾಡಿಸಿ. ಉಪ್ಪುನೀರಿಗೆ ಬಣ್ಣ ಕಟ್ಟುತ್ತದೆಂದು ನಂಬಿ ಸೀರೆ ಕೆಡಿಸಿಕೊಳ್ಳಬೇಡಿ. ಬಿಡದಿದ್ದರೆ ಅಂಟವಾಳಕಾಯಿ ನೆನೆಸಿದ ತಣ್ಣೀರಿನಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ಹರವಿ. ಇದು ಕತ್ತರಿಸುವ ಮುಂಚೆಯೇ ಆಗಬೇಕು. ಒಡಲು ಹತ್ತಿ, ದಡಿ ರೇಷ್ಮೆ ಆಗಿದ್ದರೆ ಎರಡೂ ಒಂದೇ ಸಮ ಕುಗ್ಗುವುದಿಲ್ಲ. ಹೊಲಿದ ಮೇಲೆ ಒಗೆದರೆ ಅಂಚು ಸುರುಟಿಕೊಳ್ಳುತ್ತದೆ.

ಲೆಕ್ಕ ಹೀಗೆ. ಪನ್ನ (ಸೀರೆಯ ಅಗಲ) 45 ಇಂಚು, ದಡಿ 4 ಇಂಚು ಅಂದುಕೊಳ್ಳೋಣ. ಕುರ್ತಾದ ಉದ್ದ ಸೀರೆಯ ಪನ್ನದ ಕಡೆ ಬರಲಿ. ಕೆಳಗಿನ ದಡಿಯೇ ಕುರ್ತಾದ ಅಂಚು, ಮಡಚುವುದೇ ಬೇಡ. ಮೇಲಿನ ದಡಿ ಕತ್ತರಿಸಿ ಕೊರಳಪಟ್ಟಿಗೆ ಇಡಿ. ಉಳಿದ 41 ಇಂಚಿನಲ್ಲಿ ಭುಜದ ಹೊಲಿಗೆ ಕಳೆದು 40 ಇಂಚು ಉದ್ದ ಸಿಗುತ್ತದೆ. ಹಿಂದೆ ಮುಂದೆ ತಲಾ 23 ಇಂಚು ಅಗಲ. ಎರಡೂ ಬದಿಗೆ ಒಂದೊಂದು ಇಂಚು ಹೊಲಿಗೆಗೆ ಹೋದರೆ ಸುತ್ತಳತೆ 42, ಅಂದರೆ 6 ಇಂಚು ಸಡಿಲ. ತೋಳುಗಳನ್ನು 19 ಇಂಚು ಅಗಲ, 16 ಇಂಚು ಉದ್ದಕ್ಕೆ ಎದುರುಬದುರು ದಡಿಗಳಿಂದ ತೆಗೆಯಿರಿ, ಮುಂಗೈಗೂ ದಡಿ ಬರುತ್ತದೆ. ಒಟ್ಟು 65 ಇಂಚು, ಎರಡು ಗಜಕ್ಕೂ ಕಡಿಮೆ! ಎಂಟು ಗಜದಲ್ಲಿ ಗಟ್ಟಿಯಾದ ಎರಡು ಗಜ ಹುಡುಕಿದರೆ ಸಾಕು ಎಂದು ಅಮ್ಮನಿಗೂ ಹೇಳಿ.

ಕಂಕುಳಿಗೆ ಖಣದಿಂದ 5 ಇಂಚಿನ ಎರಡು ಚೌಕ. ಖಣವೂ ಹೆಬ್ಬೆರಳಿನ ಪರೀಕ್ಷೆ ದಾಟಿರಬೇಕು. ಕುರ್ತಾದ ಒಳಗೆ ಲೈನಿಂಗ್ ಆಗಿ, ಒಗೆದು ಕುಗ್ಗಿಸಿದ ಕಪ್ಪು ಮಲ್‌ಮಲ್ ಕೊಡಿಸಿ, ಪ್ರತಿ ಬದಿಗೂ ಕಾಲಿಂಚು ಕಡಿಮೆ ಅಗಲಕ್ಕೆ. ಆಗ ಎಳೆತ ಮಲ್‌ಮಲ್ ಮೇಲೆ ಬೀಳುತ್ತದೆ. ಇಸ್ತ್ರಿಗೆ ಅಂಟುವ ಫ್ಯೂಸಿಂಗ್ ಖಂಡಿತ ಬೇಡ, ಅದರ ಗೋಂದು ಮತ್ತೆ ಬಿಡುವುದಿಲ್ಲ. ಹೊಸ 11ನೇ ನಂಬರ್ ಸೂಜಿ, 3 ಮಿಲಿಮೀಟರ್ ಹೊಲಿಗೆ. ತೀರಾ ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯ ತೂತಿನ ಸಾಲಿನಂತೆ ಬಟ್ಟೆ ಅಲ್ಲೇ ಹರಿಯುತ್ತದೆ.

ತೋಪತೆನೆ ವಿನ್ಯಾಸದ ಸೆರಗಿಗೆ ಮಾತ್ರ ಕತ್ತರಿ ತಾಗಿಸಬೇಡಿ. ಇಳಕಲ್ಲಿನಲ್ಲಿ ಸೆರಗಿನ ಹಾಸುನೂಲನ್ನು (ಉದ್ದನೆಯ ಎಳೆಗಳನ್ನು) ಒಡಲಿನ ಹಾಸುನೂಲಿಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡುಗೆರೆ ಉಳಿಯುವಂತೆ ಒಂದು ಗೇಣು ಕಪ್ಪು ಒಡಲು ಸೆರಗಿನ ಜೊತೆಗೇ ಇರಲಿ. ಗಟ್ಟಿಯಿದ್ದರೆ ದುಪಟ್ಟಾ ಆದೀತು. ಬಿರುಕಿದ್ದರೆ ಮಡಚದೆ, ಬಿಳಿ ಹತ್ತಿಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಮಾಡಿಡಿ.

ಇದೇ ಅಳತೆಗೆ ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಒಂದು ಹೊಲಿಸಿ, ತೊಟ್ಟು ಎರಡೂ ಕೈ ಮೇಲೆತ್ತಿ ನೋಡಿ. ಕಂಕುಳಲ್ಲಿ ಜಗ್ಗಿದರೆ ಖಣದ ಚೌಕವನ್ನು 6 ಇಂಚಿಗೆ ಹೆಚ್ಚಿಸಲು ದರ್ಜಿಗೆ ಹೇಳಿ.

– ಸಂ.