ಓದುಗರ ಪ್ರಶ್ನೆ: ಇಷ್ಟು ವರ್ಷ ದುಡಿದು ನಾನು ಮಾಡಿದ್ದೇನು?

ಪ್ರಶ್ನೆ: ಮೇಡಂ, ಓದು ಮುಗಿಸಿದ ಕೂಡಲೇ ಒಂದು ಸಮುದಾಯ ಸಂಸ್ಥೆಗೆ ಸೇರಿದೆ. ಈಗ ವಯಸ್ಸು ಐವತ್ತು ದಾಟಿದೆ. ಮೊದಲೆಲ್ಲ ಒಂಟಿಯಾಗಿರುವ ಹಿರಿಯರ ಮನೆಗಳಿಗೆ ಹೋಗುತ್ತಿದ್ದೆ, ಅವರ ಜೊತೆ ಕೂತು ಮಾತಾಡುತ್ತಿದ್ದೆ, ಶಾಲೆ ಬಿಟ್ಟ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಿದ್ದೆ. ಈಗ ಸಂಯೋಜಕಿ. ದಿನವಿಡೀ ವರದಿ, ಬಜೆಟ್, ದಾನಿಗಳ ಮೇಲ್. ನಾವು ಕೆಲಸ ಮಾಡಿದ ಬೀದಿಗಳಲ್ಲಿ ಬಡತನ ಹಾಗೇ ಇದೆ. ಜೊತೆಗೆ ಓದಿದವರು ಎಲ್ಲೆಲ್ಲೋ ಏರಿದ್ದಾರೆ. ನಾನು ಮಾಡಿದ್ದೇನು ಅನ್ನಿಸುತ್ತದೆ. ಕೆಲಸ ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಹಳೆಯ ದಿನಗಳ ಬಗ್ಗೆ ಬರೆಯುವಾಗ ಹೋಗುತ್ತಿದ್ದೆ, ಮಾತಾಡುತ್ತಿದ್ದೆ, ಪಾಠ ಹೇಳುತ್ತಿದ್ದೆ ಎಂದಿದ್ದೀರಿ. ಈಗಿನ ದಿನಗಳಿಗೆ ಬಂದಾಗ ವರದಿ, ಬಜೆಟ್, ಮೇಲ್ ಅಷ್ಟೇ. ಅಲ್ಲಿ ಒಬ್ಬ ಮನುಷ್ಯರೂ ಇಲ್ಲ. ಗಮನಿಸಿದಿರಾ?

ನಾನೂ ಬಹಳ ವರ್ಷ ಇಂಥದೇ ಸಂಸ್ಥೆಯಲ್ಲಿದ್ದೆ. ಅರ್ಜಿ ತುಂಬಿಸಿಕೊಡುವ ಸಹಾಯ ಕೇಂದ್ರ ನನ್ನ ಜವಾಬ್ದಾರಿ. ಒಬ್ಬ ಅಜ್ಜ ತಪ್ಪದೆ ಬರುತ್ತಿದ್ದರು. ಅವರ ಪಿಂಚಣಿ ಅರ್ಜಿಯ ಕೆಲಸ ಎಂದೋ ಮುಗಿದಿತ್ತು. ಕಣ್ಣು ಮಂಜಾಗಿತ್ತು, ಮಗಳು ಬರೆದ ಕಾಗದ ಓದಿಸಿಕೊಳ್ಳಲು ಬರುತ್ತಿದ್ದರು. ಓದಿದ ಕಾಗದವನ್ನೇ ಇನ್ನೊಮ್ಮೆ ಓದಿಸುತ್ತಿದ್ದರು. ನಮ್ಮ ವರದಿಯಲ್ಲಿ ‘ಫಲಾನುಭವಿಗಳ ಸಂಖ್ಯೆ’ ಎಂಬ ಕಲಂ ಇತ್ತು. ಈ ಅಜ್ಜನನ್ನು ಅದರಲ್ಲಿ ಬರೆಯುವಂತಿರಲಿಲ್ಲ, ಏಕೆಂದರೆ ಅವರ ಹೆಸರು ಹಿಂದಿನ ವರ್ಷವೇ ಲೆಕ್ಕಕ್ಕೆ ಸೇರಿತ್ತು. ಆದರೆ ಆ ಕೇಂದ್ರ ಏಕಿರಬೇಕು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಅವರೇ.

ಬಡತನದ ಮಾತಿಗೆ ಬರುತ್ತೇನೆ. ಬಡತನ ಕಮ್ಮಿಯಾಗಬೇಕಾದರೆ ಉದ್ಯೋಗ ಬೇಕು, ಬೆಲೆ ಹಿಡಿತದಲ್ಲಿರಬೇಕು, ಸರ್ಕಾರದ ಕಾನೂನು, ಶಾಲೆ, ಆಸ್ಪತ್ರೆ ಎಲ್ಲ ಸರಿಯಿರಬೇಕು. ಇದನ್ನೆಲ್ಲ ಒಬ್ಬರ ತಲೆಗೆ ಕಟ್ಟಿ, ‘ನೀನು ಸೋತೆ’ ಎನ್ನುವುದು ಅನ್ಯಾಯ. ಇನ್ನೊಂದು ಮಾತೂ ಇದೆ. ಮನೆ ಕಟ್ಟಿದವರಿಗೆ ಗೋಡೆ ಕಾಣುತ್ತದೆ. ಒಂಟಿಯಾಗಿದ್ದ ಹಿರಿಯರ ಪಕ್ಕ ನೀವು ಒಂದು ಗಂಟೆ ಕೂತಿರಿ. ಅದು ಆವತ್ತೇ ಪೂರ್ತಿಯಾದ ಕೆಲಸ. ಇಪ್ಪತ್ತು ವರ್ಷ ಆದಮೇಲೆ ಅದಕ್ಕೆ ಗುರುತು ಉಳಿದಿಲ್ಲ ಎಂದರೆ ಆ ಗಂಟೆ ಸುಮ್ನೆ ಹೋಯಿತು ಎಂದಲ್ಲ.

ಮೇಲಿನ ಹುದ್ದೆಗೆ ಹೋದಷ್ಟೂ ಕೆಲಸದ ಇನ್ನೊಂದು ತುದಿ ಕಣ್ಣಿಗೆ ಮರೆಯಾಗುತ್ತದೆ. ನಿಮ್ಮ ತೊಂದರೆ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಆಡಮ್ ಗ್ರಾಂಟ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ದೇಣಿಗೆ ಕೇಳುವವರ ಮೇಲೆ ನಡೆಸಿದ್ದು. ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯ ಜೊತೆ ಕೆಲವರನ್ನು ಐದು ನಿಮಿಷ ಮಾತಾಡಿಸಿದರು. ತಿಂಗಳಾದ ಮೇಲೆ ನೋಡಿದರೆ, ಅವರು ಫೋನಿನಲ್ಲಿ ಕಳೆಯುವ ಸಮಯ ಮೊದಲಿನ ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು. ತಂದ ಹಣವೂ ಅಷ್ಟೇ. ವಿದ್ಯಾರ್ಥಿ ಬರೆದ ಪತ್ರವನ್ನು ಮಾತ್ರ ಓದಿದವರಲ್ಲಿ ಇಂಥ ಬದಲಾವಣೆ ಕಾಣಲಿಲ್ಲ. ನೀವು ವರ್ಷಗಳಿಂದ ಯಶೋಗಾಥೆಗಳನ್ನು ಬರೆದು ದಾನಿಗಳಿಗೆ ಕಳಿಸುತ್ತಿದ್ದೀರಿ, ಅಲ್ವಾ? ಆ ಗಾಥೆಯ ಜನರನ್ನು ಮುಖಾಮುಖಿ ನೋಡಿ ಎಷ್ಟು ದಿನವಾಯಿತು?

ಹಾಗಾಗಿ ರಾಜೀನಾಮೆಗೆ ಮೊದಲು ಒಂದು ಕೆಲಸ ಮಾಡಿ. ವಾರಕ್ಕೆ ಅರ್ಧ ದಿನ ಫೀಲ್ಡ್‌ಗೆ ಹೋಗಿ. ತಪಾಸಣೆಗಲ್ಲ, ಫೋಟೊ ತೆಗೆಯಲೂ ಅಲ್ಲ. ಒಬ್ಬ ಹಿರಿಯರ ಮನೆ, ಇಲ್ಲವೇ ಒಂದು ಸಂಜೆಯ ತರಗತಿ, ಅಷ್ಟು ಸಾಕು. ಮುಖ್ಯಸ್ಥರ ಜೊತೆ ಮಾತಾಡಿ, ಇದನ್ನು ನಿಮ್ಮ ಕೆಲಸದ ಪಟ್ಟಿಗೇ ಸೇರಿಸಿ. ಅಷ್ಟು ಹೊತ್ತಿನ ಬೇರೆ ಕೆಲಸ ಇಳಿಸಿಕೊಳ್ಳಿ. ಇರುವ ಹೊರೆಯ ಮೇಲೆ ಇದನ್ನೂ ಹೇರಿಕೊಳ್ಳಬೇಡಿ. ಕೆಲಸದಿಂದ ಸುಟ್ಟು ಬರಿದಾಗುವ ಸ್ಥಿತಿಯನ್ನು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ವಿವರಿಸಿದ್ದು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರನ್ನು ನೋಡಿ. ಅವರೂ ನಮ್ಮ ಥರದವರೇ. ತುಂಬಾ ಮನಸ್ಸಿಟ್ಟು ದುಡಿಯುವವರೇ ಬೇಗ ಬಳಲುತ್ತಾರೆ ಎಂದು ಫ್ರಾಯ್ಡೆನ್‌ಬರ್ಗರ್ ಎಚ್ಚರಿಸಿದ್ದರು. ನಿದ್ದೆ ಬರುತ್ತಿಲ್ಲ, ಯಾರನ್ನು ಕಂಡರೂ ಸಿಡುಕು, ಏನೂ ಬೇಡ ಅನ್ನಿಸುತ್ತಿದೆ ಎಂದಾದರೆ ಮೊದಲು ರಜೆ ಹಾಕಿ, ವೈದ್ಯರನ್ನು ಕಾಣಿ. ಅರ್ಥದ ಪ್ರಶ್ನೆ ಆಮೇಲೆ.

ಫೀಲ್ಡ್‌ಗೆ ಹೋಗುವಾಗ ಹೊಸದಾಗಿ ಸೇರಿದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನಿಮಗೆ ಗೊತ್ತಿರುವುದು ಯಾವ ಫೈಲಿನಲ್ಲೂ ಇಲ್ಲ. ಯಾವ ಮನೆಯಲ್ಲಿ ಮಗನ ಎದುರು ತಾಯಿ ಬಾಯಿ ಬಿಡುವುದಿಲ್ಲ, ತರಗತಿಗೆ ಬಾರದ ಹುಡುಗನನ್ನು ಬಯ್ಯದೆ ಹೇಗೆ ಮರಳಿ ಕರೆತರಬೇಕು, ಯಾವ ಅಧಿಕಾರಿ ಕಾಗದ ನೋಡಿ ಕೆಲಸ ಮಾಡುತ್ತಾರೆ, ಯಾರು ಎದುರಿಗೆ ಹೋಗಿ ನಿಂತರೆ ಮಾತ್ರ ಮಾಡುತ್ತಾರೆ. ಇದನ್ನು ದಾಟಿಸದೆ ನೀವು ಹೊರಟರೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಎಲ್ಲವನ್ನೂ ಮೊದಲಿಂದ ಕಲಿಯಬೇಕು. ನಡುವಯಸ್ಸಿನ ಮನುಷ್ಯರಿಗೆ ಮುಂದಿನ ತಲೆಮಾರನ್ನು ಬೆಳೆಸುವ ಬಯಕೆ ಬಲವಾಗಿರುತ್ತದೆ, ಅದು ಸಾಗದಿದ್ದರೆ ಬದುಕು ನಿಂತ ಹಾಗೆ ಅನ್ನಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹೇಳಿದ್ದರು. ನಿಮ್ಮ ಖಾಲಿತನದಲ್ಲಿ ಇದರ ಪಾಲೂ ಇರಬಹುದು.

ಕೆಲವು ತಿಂಗಳು ಹೀಗೆ ಮಾಡಿದ ಮೇಲೂ ಕೆಲಸಕ್ಕೆ ಹೋಗುವ ಮನಸ್ಸೇ ಬರದಿದ್ದರೆ ಸಂಕೋಚವಿಲ್ಲದೆ ಕೆಲಸ ಬಿಡಿ. ವರ್ಷಾಂತ್ಯದ ವರದಿಯ ಗಡಿಬಿಡಿಯಲ್ಲಿ ಮಾತ್ರ ತೀರ್ಮಾನ ಬೇಡ.

ಪ್ರಶ್ನೆ: ನಾನೂ ಇಂಥ ಸಂಸ್ಥೆಯಲ್ಲಿ ಬಹಳ ವರ್ಷದಿಂದ ಇದ್ದೇನೆ. ಸಂಬಳ ಹೆಚ್ಚಿಸಿ ಎಂದರೆ ‘ಸೇವೆಗೆ ಬಂದವರು ದುಡ್ಡಿನ ಮಾತಾಡಬಾರದು’ ಎನ್ನುತ್ತಾರೆ. ಕೇಳಿದ್ದು ತಪ್ಪಾ?

ಉತ್ತರ: ಖಂಡಿತ ತಪ್ಪಲ್ಲ. ಬಂಡರ್ಸನ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು ಮೃಗಾಲಯದಲ್ಲಿ ಪ್ರಾಣಿ ನೋಡಿಕೊಳ್ಳುವವರ ಬಗ್ಗೆ 2009ರಲ್ಲಿ ಬರೆದಿದ್ದಾರೆ. ಈ ಕೆಲಸಕ್ಕೇ ಹುಟ್ಟಿದವರು ನಾವು ಎಂದುಕೊಂಡವರಿಗೆ ಕೆಲಸದಲ್ಲಿ ಅರ್ಥ ಜಾಸ್ತಿ ಸಿಗುತ್ತಿತ್ತು. ಹಣ, ಸಮಯ, ಆರಾಮ ಬಿಟ್ಟುಕೊಡಲು ಒಪ್ಪುತ್ತಿದ್ದವರೂ ಅವರೇ. ಇಂಥವರನ್ನು ದುಡಿಸಿಕೊಳ್ಳುವುದು ಸುಲಭ. ಬೇರೆಯವರ ಹಕ್ಕಿಗಾಗಿ ಓಡಾಡುವ ಸಂಸ್ಥೆ ತನ್ನವರ ಹಕ್ಕನ್ನು ಮರೆಯಬಾರದು. ಮುಂದಿನ ಪ್ರಾಜೆಕ್ಟ್ ಪ್ರಸ್ತಾವ ಬರೆಯುವ ಮೊದಲೇ ಲಿಖಿತವಾಗಿ ಕೇಳಿ. ಬಜೆಟ್ ಒಪ್ಪಿಗೆಯಾದ ಮೇಲೆ ಕೇಳಿದರೆ ‘ಈ ಸಲ ಜಾಗವಿಲ್ಲ’ ಎಂಬ ಉತ್ತರವೇ ಬರುತ್ತದೆ. ಸಾಧ್ಯವಾದರೆ ಸಹೋದ್ಯೋಗಿಗಳೆಲ್ಲ ಒಟ್ಟಿಗೆ ಸಹಿ ಹಾಕಿ.